ದೊಡ್ಡ ಗಿರಾಕಿಯ ಜೊತೆ ವ್ಯವಹಾರ: ಚೀನಾದ ಏಳಿಗೆ ಕಲಿಸುವ ಪಾಠಗಳು

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ‘ಜಂಟಿ ಉದ್ಯಮ’ ಎಂಬ ವಿಷಯ ಬರುತ್ತದೆ. ಹೊಸ ಮಾರುಕಟ್ಟೆಗೆ ಪ್ರವೇಶ, ತಂತ್ರಜ್ಞಾನದ ಲಭ್ಯತೆ, ಕಡಿಮೆ ಉತ್ಪಾದನಾ ವೆಚ್ಚ ಎಂದು ಪ್ರಯೋಜನಗಳನ್ನು ಬಾಯಿಪಾಠ ಮಾಡಿ ನಾವೆಲ್ಲ ಅಂಕ ಪಡೆದಿದ್ದೇವೆ. ಅರ್ಥಶಾಸ್ತ್ರದಲ್ಲಿ ಭಾರತ ಮತ್ತು ನೆರೆಯ ದೇಶಗಳ ಅಭಿವೃದ್ಧಿಯನ್ನು ಹೋಲಿಸುವ ಪಾಠದಲ್ಲಿ ಚೀನಾದ ವಿಷಯವನ್ನೂ ಓದಿದ್ದೇವೆ. ಈ ಎರಡು ಪಾಠಗಳನ್ನು ಜೊತೆಗಿಟ್ಟು ನೋಡಿದರೆ ಪರೀಕ್ಷೆಯಲ್ಲಿ ಕೇಳದ ಒಂದು ಪ್ರಶ್ನೆ ಹುಟ್ಟುತ್ತದೆ. ಒಂದು ದೇಶ ಕಣ್ಣೆದುರೇ ಬೆಳೆದು ದೊಡ್ಡ ಶಕ್ತಿಯಾಗುತ್ತಿರುವಾಗ ಉಳಿದ ದೇಶಗಳ ಮಂತ್ರಿಗಳು ಮತ್ತು ಉದ್ಯಮಿಗಳು ಅದರ ಜೊತೆ ಹೇಗೆ ವ್ಯವಹರಿಸಿದರು? ಯಾರಿಗೆ ಲಾಭವಾಯಿತು, ಯಾರು ಬೆಲೆ ತೆತ್ತರು?

ವ್ಯವಹಾರದಲ್ಲಿ ನಾವು ಬಳಸುವ ಎರಡು ಪದಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ: ಕರಾರು ಮತ್ತು ಷರತ್ತು. ಇವೆರಡೂ ನಮ್ಮ ಮನೆಯ ಉರ್ದುವಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಕರಾರಿಗೆ ಸಹಿ ಹಾಕುವುದು ಒಂದು ದಿನದ ಕೆಲಸ. ಷರತ್ತುಗಳು ಹತ್ತಾರು ವರ್ಷ ಜೊತೆಗಿರುತ್ತವೆ. ಮುಂದಿನ ಉದಾಹರಣೆಗಳನ್ನು ಓದುವಾಗ ಷರತ್ತಿನ ಮೇಲೆ ಕಣ್ಣಿಡಿ.

ಹಿನ್ನೆಲೆ: 1978ರಿಂದ ಆರಂಭ

1978ರ ಡಿಸೆಂಬರ್‌ನಲ್ಲಿ ಡೆಂಗ್ ಷಿಯಾವೊಪಿಂಗ್ ನಾಯಕತ್ವದಲ್ಲಿ ಚೀನಾ ಆರ್ಥಿಕ ಸುಧಾರಣೆಯ ದಾರಿ ಹಿಡಿಯಿತು. 1979ರಲ್ಲಿ ವಿದೇಶಿ ಕಂಪನಿಗಳೊಂದಿಗೆ ಜಂಟಿ ಉದ್ಯಮ ನಡೆಸಲು ಕಾನೂನು ಬಂತು. 1980ರಲ್ಲಿ ಶೆನ್‌ಜೆನ್, ಝುಹಾಯ್, ಶಾಂತೌ, ಷಿಯಾಮೆನ್ ಎಂಬ ನಾಲ್ಕು ಕಡೆ ವಿಶೇಷ ಆರ್ಥಿಕ ವಲಯಗಳು ಆರಂಭವಾದವು. ಚೀನಾದ ಲೆಕ್ಕಾಚಾರ ಸರಳವಾಗಿತ್ತು. ನಮ್ಮಲ್ಲಿ ಜನರಿದ್ದಾರೆ, ಜಾಗವಿದೆ, ಮುಂದೆ ದೊಡ್ಡ ಮಾರುಕಟ್ಟೆಯೂ ಆಗಲಿದೆ. ಬಂಡವಾಳ ಮತ್ತು ತಂತ್ರಜ್ಞಾನ ಇಲ್ಲ. ಅವು ಇದ್ದವರು ಬರಲಿ, ಆದರೆ ನಮ್ಮ ಷರತ್ತಿನ ಮೇಲೆ ಬರಲಿ.

2001ರ ಡಿಸೆಂಬರ್ 11ರಂದು ಚೀನಾ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯನಾಯಿತು. 2009ರಲ್ಲಿ ಸರಕು ರಫ್ತಿನಲ್ಲಿ ಜಗತ್ತಿನಲ್ಲೇ ಮೊದಲನೆಯದಾಯಿತು. 2010ರಲ್ಲಿ ಜಪಾನನ್ನು ಹಿಂದಿಕ್ಕಿ ಎರಡನೇ ಅತಿ ದೊಡ್ಡ ಆರ್ಥಿಕತೆಯಾಯಿತು. ಸುಮಾರು ಮೂವತ್ತು ವರ್ಷಗಳಲ್ಲಿ ಇಷ್ಟು ಬದಲಾವಣೆ.

ಜಪಾನ್: ಸ್ನೇಹದ ಹಾದಿ ಮತ್ತು ಅದರ ಮಿತಿ

1978ರ ಆಗಸ್ಟ್‌ನಲ್ಲಿ ಜಪಾನ್ ಮತ್ತು ಚೀನಾ ಶಾಂತಿ ಹಾಗೂ ಸ್ನೇಹ ಒಪ್ಪಂದ ಮಾಡಿಕೊಂಡವು. ಅದೇ ಅಕ್ಟೋಬರ್‌ನಲ್ಲಿ ಡೆಂಗ್ ಜಪಾನಿಗೆ ಹೋದರು. ಬುಲೆಟ್ ರೈಲಿನಲ್ಲಿ ಪ್ರಯಾಣ ಮಾಡಿದರು, ನಿಸ್ಸಾನ್ ಕಾರು ಕಾರ್ಖಾನೆ ನೋಡಿದರು. ಒಸಾಕಾ ಪ್ರಾಂತ್ಯದಲ್ಲಿ ಮತ್ಸುಶಿತ ಕಂಪನಿಯ ಟಿವಿ ಕಾರ್ಖಾನೆಗೆ ಬಂದಾಗ ಅವರನ್ನು ಬರಮಾಡಿಕೊಂಡವರು ಆ ಕಂಪನಿಯ ಸ್ಥಾಪಕ ಕೊನೊಸುಕೆ ಮತ್ಸುಶಿತ. ಆಗ ಅವರಿಗೆ ಎಂಬತ್ತು ದಾಟಿತ್ತು. ಚೀನಾದ ಆಧುನೀಕರಣಕ್ಕೆ ನೆರವಾಗುವಂತೆ ಡೆಂಗ್ ಕೇಳಿದರು, ಮತ್ಸುಶಿತ ಒಪ್ಪಿದರು. 1987ರಲ್ಲಿ ಬೀಜಿಂಗ್‌ನಲ್ಲಿ ಬಣ್ಣದ ಟಿವಿಯ ಪಿಕ್ಚರ್ ಟ್ಯೂಬ್ ತಯಾರಿಸುವ ಜಂಟಿ ಉದ್ಯಮ ಸ್ಥಾಪನೆಯಾಯಿತು. ಜಪಾನ್ ಸರ್ಕಾರವೂ 1979ರಿಂದ ಚೀನಾಕ್ಕೆ ಅಭಿವೃದ್ಧಿ ನೆರವು ಆರಂಭಿಸಿ ದಶಕಗಳ ಕಾಲ ಕೊಟ್ಟಿತು.

ಇಲ್ಲಿ ಸರ್ಕಾರ ಮತ್ತು ಉದ್ಯಮ ಒಂದೇ ದಿಕ್ಕಿನಲ್ಲಿ ನಡೆದವು. ಸರ್ಕಾರ ಸಾಲ ಕೊಟ್ಟಿತು, ಕಂಪನಿ ಕಾರ್ಖಾನೆ ಕಟ್ಟಿತು. ಎರಡೂ ಕಡೆ ಲಾಭವಾಯಿತು.

ಆದರೆ 2010ರ ಸೆಪ್ಟೆಂಬರ್‌ನಲ್ಲಿ ವಿವಾದಿತ ಸೆನ್‌ಕಾಕು ದ್ವೀಪಗಳ ಬಳಿ ಚೀನಾದ ಮೀನುಗಾರಿಕಾ ದೋಣಿಯೊಂದು ಜಪಾನಿನ ಗಸ್ತು ಹಡಗುಗಳಿಗೆ ಡಿಕ್ಕಿ ಹೊಡೆಯಿತು. ದೋಣಿಯ ನಾಯಕನನ್ನು ಜಪಾನ್ ಬಂಧಿಸಿತು. ಅದರ ಬೆನ್ನಿಗೇ ಚೀನಾದಿಂದ ಜಪಾನಿಗೆ ಹೋಗುತ್ತಿದ್ದ ರೇರ್ ಅರ್ಥ್ ಎಂಬ ವಿರಳ ಲೋಹಗಳ ಸಾಗಣೆ ನಿಂತಿತು. ಮೋಟಾರು, ಅಯಸ್ಕಾಂತ, ಎಲೆಕ್ಟ್ರಾನಿಕ್ ಉಪಕರಣಗಳಿಗೆ ಈ ಲೋಹಗಳು ಬೇಕು. ಆಗ ಜಪಾನ್ ಇವುಗಳಲ್ಲಿ ಸುಮಾರು ಶೇ 90ರಷ್ಟನ್ನು ಚೀನಾದಿಂದ ತರಿಸುತ್ತಿತ್ತು. 2012ರಲ್ಲಿ ಅದೇ ದ್ವೀಪಗಳ ವಿಷಯಕ್ಕೆ ಚೀನಾದ ಊರುಗಳಲ್ಲಿ ಪ್ರತಿಭಟನೆಗಳು ನಡೆದಾಗ ಚಿಂಗ್‌ಡಾವೊ ನಗರದ ಪ್ಯಾನಾಸೋನಿಕ್ ಕಾರ್ಖಾನೆಯೂ ದಾಳಿಗೆ ತುತ್ತಾಯಿತು. ಪ್ಯಾನಾಸೋನಿಕ್ ಎಂದರೆ ಅದೇ ಮತ್ಸುಶಿತ ಕಂಪನಿ. 2008ರಲ್ಲಿ ಹೆಸರು ಬದಲಿಸಿಕೊಂಡಿತ್ತು, ಅಷ್ಟೇ.

ಜಪಾನ್ ಏನು ಮಾಡಿತು? ಚೀನಾದೊಂದಿಗೆ ವ್ಯಾಪಾರ ಬಿಡಲಿಲ್ಲ. 2011ರಲ್ಲಿ ಆಸ್ಟ್ರೇಲಿಯಾದ ಲೈನಸ್ ಎಂಬ ಗಣಿ ಕಂಪನಿಗೆ ಹಣ ಹೂಡಿ ಬೇರೆ ಮೂಲ ಹುಡುಕಿಕೊಂಡಿತು. ಕಡಿಮೆ ಲೋಹದಲ್ಲಿ ಕೆಲಸ ನಡೆಯುವಂತೆ ತಂತ್ರಜ್ಞಾನ ಬೆಳೆಸಿತು. ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟದ ಜೊತೆ 2012ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು 2014ರಲ್ಲಿ ಗೆದ್ದಿತು. ಅವಲಂಬನೆ ಶೇ 90ರಿಂದ ಶೇ 60ರ ಆಸುಪಾಸಿಗೆ ಇಳಿಯಿತು. ಅದಕ್ಕೆ ಹತ್ತು ವರ್ಷ ಬೇಕಾಯಿತು ಎಂಬುದನ್ನೂ ಗಮನಿಸಬೇಕು.

ಜರ್ಮನಿ: ಗುರುವಿಗಿಂತ ಶಿಷ್ಯ ಮುಂದೆ ಹೋದ ಕಥೆ

1984ರ ಅಕ್ಟೋಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಶಾಂಘೈನ ಸರ್ಕಾರಿ ಕಾರು ಸಂಸ್ಥೆಯೊಂದಿಗೆ ಜಂಟಿ ಉದ್ಯಮಕ್ಕೆ ಸಹಿ ಹಾಕಿತು. ಆಗಿನ ಪಶ್ಚಿಮ ಜರ್ಮನಿಯ ಚಾನ್ಸಲರ್ ಹೆಲ್ಮುಟ್ ಕೋಲ್ ಆ ಸಂದರ್ಭದಲ್ಲಿ ಚೀನಾದಲ್ಲಿದ್ದರು. ದೇಶದ ನಾಯಕ ವಿಮಾನ ಹತ್ತಿದರೆ ಜೊತೆಗೆ ಉದ್ಯಮಿಗಳೂ ಹತ್ತುವುದು, ಇಳಿದ ಮೇಲೆ ಒಪ್ಪಂದಗಳಿಗೆ ಸಹಿ ಬೀಳುವುದು ಜರ್ಮನಿಯ ಮುಂದಿನ ಚಾನ್ಸಲರ್‌ಗಳ ಕಾಲದಲ್ಲೂ ನಡೆದುಬಂದ ಕ್ರಮ.

ಸಂತಾನಾ ಎಂಬ ಕಾರು ಶಾಂಘೈನ ರಸ್ತೆಗಳಲ್ಲಿ ಟ್ಯಾಕ್ಸಿಯಾಗಿ ತುಂಬಿಕೊಂಡಿತು. ಒಂದು ಹಂತದಲ್ಲಿ ಫೋಕ್ಸ್‌ವ್ಯಾಗನ್ ಸಮೂಹ ಜಗತ್ತಿನಾದ್ಯಂತ ಮಾರುತ್ತಿದ್ದ ಕಾರುಗಳಲ್ಲಿ ಶೇ 40ರಷ್ಟು ಚೀನಾದಲ್ಲೇ ಮಾರಾಟವಾಗುತ್ತಿದ್ದವು.

ಷರತ್ತು ಏನಿತ್ತು? ಕಾರು ತಯಾರಿಸುವ ವಿದೇಶಿ ಕಂಪನಿ ಶೇ 50ಕ್ಕಿಂತ ಹೆಚ್ಚು ಪಾಲು ಹೊಂದುವಂತಿಲ್ಲ. ಉಳಿದ ಪಾಲು ಚೀನಾದ ಪಾಲುದಾರನದು. ಬಿಡಿಭಾಗಗಳು ಹೆಚ್ಚು ಹೆಚ್ಚು ಸ್ಥಳೀಯವಾಗಿಯೇ ತಯಾರಾಗಬೇಕು. ಇದರಿಂದ ಎರಡು ಪರಿಣಾಮಗಳಾದವು. ಲಾಭದ ಅರ್ಧ ದೇಶದೊಳಗೇ ಉಳಿಯಿತು. ಅದಕ್ಕಿಂತ ಮುಖ್ಯವಾಗಿ, ಸಾವಿರಾರು ಎಂಜಿನಿಯರ್‌ಗಳು, ಬಿಡಿಭಾಗ ತಯಾರಕರು, ಮ್ಯಾನೇಜರ್‌ಗಳು ಕೆಲಸ ಕಲಿತರು. ನಮ್ಮ ಪಠ್ಯದ ‘ತಂತ್ರಜ್ಞಾನದ ಲಭ್ಯತೆ’ ಎಂಬ ಒಂದು ಸಾಲಿನ ಅಂಶಕ್ಕೆ ಇದು ಪೂರ್ಣ ಉದಾಹರಣೆ.

ಪೆಟ್ರೋಲ್ ಕಾರಿನಲ್ಲಿ ಜರ್ಮನಿಯನ್ನು ಹಿಂದಿಕ್ಕುವುದು ಕಷ್ಟವೆಂದು ಚೀನಾ ಎಲೆಕ್ಟ್ರಿಕ್ ಕಾರಿನ ಕಡೆ ತಿರುಗಿತು. ಸ್ಪರ್ಧೆ ಬರಲೆಂದು 2018ರಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆ ಪಾಲಿನ ಮಿತಿಯನ್ನು ತೆಗೆದುಹಾಕಿತು. ಟೆಸ್ಲಾ ಪೂರ್ಣ ಸ್ವಂತ ಮಾಲೀಕತ್ವದಲ್ಲಿ ಶಾಂಘೈನಲ್ಲಿ ಕಾರ್ಖಾನೆ ಕಟ್ಟಿತು. 2023ರಲ್ಲಿ ಚೀನಾದ ಬಿವೈಡಿ ಕಂಪನಿ ಫೋಕ್ಸ್‌ವ್ಯಾಗನ್ ಬ್ರ್ಯಾಂಡನ್ನು ಹಿಂದಿಕ್ಕಿ ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ಕಾರು ಬ್ರ್ಯಾಂಡ್ ಆಯಿತು.

2024ರ ಅಕ್ಟೋಬರ್‌ನಲ್ಲಿ ಚೀನಾದ ಎಲೆಕ್ಟ್ರಿಕ್ ಕಾರುಗಳ ಮೇಲೆ ಹೆಚ್ಚುವರಿ ಸುಂಕ ಹಾಕುವ ಬಗ್ಗೆ ಯುರೋಪಿಯನ್ ಒಕ್ಕೂಟದಲ್ಲಿ ಮತದಾನ ನಡೆದಾಗ ಜರ್ಮನಿ ಸುಂಕದ ವಿರುದ್ಧ ಮತ ಹಾಕಿತು. ಸುಂಕದಿಂದ ರಕ್ಷಣೆ ಸಿಗಬೇಕಾದ ಜರ್ಮನ್ ಕಾರು ಕಂಪನಿಗಳೇ ಸುಂಕ ಬೇಡವೆಂದಿದ್ದವು! ಕಾರಣ, ಚೀನಾ ತಿರುಗೇಟು ಕೊಟ್ಟರೆ ಅಲ್ಲಿರುವ ತಮ್ಮ ವ್ಯಾಪಾರಕ್ಕೆ ಹೊಡೆತ ಬೀಳುತ್ತದೆ. ಒಬ್ಬನೇ ಗಿರಾಕಿಯ ಮೇಲೆ ಅಂಗಡಿ ನಿಂತಿದ್ದರೆ ಮಾಲೀಕನ ಮಾತು ಹೇಗೆ ಮೆತ್ತಗಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಅಮೆರಿಕ ಮತ್ತು ಆಸ್ಟ್ರೇಲಿಯಾ: ಎರಡು ಚಿಕ್ಕ ಉದಾಹರಣೆಗಳು

2000ದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಚೀನಾಕ್ಕೆ ಶಾಶ್ವತವಾಗಿ ಸಾಮಾನ್ಯ ವ್ಯಾಪಾರ ಸ್ಥಾನಮಾನ ಕೊಡುವ ಕಾಯ್ದೆಗೆ ಸಹಿ ಹಾಕಿದರು. ದೊಡ್ಡ ಕಂಪನಿಗಳು ಇದರ ಪರವಾಗಿದ್ದವು, ಕಾರ್ಮಿಕ ಸಂಘಗಳು ವಿರುದ್ಧವಾಗಿದ್ದವು. ಮುಂದೆ ಅಮೆರಿಕದ ಗ್ರಾಹಕರಿಗೆ ಅಗ್ಗದ ಸರಕು ಸಿಕ್ಕಿತು, ಕಂಪನಿಗಳಿಗೆ ಲಾಭ ಬಂತು. ಪೀಠೋಪಕರಣ, ಬಟ್ಟೆ ತಯಾರಿಸುತ್ತಿದ್ದ ಊರುಗಳಲ್ಲಿ ಮಾತ್ರ ಕೆಲಸ ಹೋಯಿತು. ಹೋದ ಕೆಲಸಗಳ ಜಾಗಕ್ಕೆ ಅದೇ ಊರಿನಲ್ಲಿ ಬೇರೆ ಕೆಲಸ ಬೇಗ ಬರಲಿಲ್ಲವೆಂದು ಡೇವಿಡ್ ಆಟರ್ ಮತ್ತು ಅವರ ಸಂಗಡಿಗ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. 2018ರಲ್ಲಿ ಟ್ರಂಪ್ ಸರ್ಕಾರ ಚೀನಾದ ಸರಕುಗಳ ಮೇಲೆ ಸುಂಕ ಹಾಕಿತು. ನಂತರ ಬಂದ ಬೈಡನ್ ಸರ್ಕಾರವೂ ಆ ಸುಂಕವನ್ನು ಉಳಿಸಿಕೊಂಡಿತು. ಪಕ್ಷ ಬದಲಾದರೂ ನೀತಿ ಬದಲಾಗಲಿಲ್ಲ, ಏಕೆಂದರೆ ಕೆಲಸ ಕಳೆದುಕೊಂಡವರ ಸಿಟ್ಟು ಎರಡೂ ಪಕ್ಷಗಳಿಗೆ ತಟ್ಟಿತ್ತು.

ಆಸ್ಟ್ರೇಲಿಯಾದ ಕಥೆ ಬೇರೆ. ಕೋವಿಡ್ ಹೇಗೆ ಹುಟ್ಟಿತೆಂದು ಸ್ವತಂತ್ರ ತನಿಖೆಯಾಗಲಿ ಎಂದು 2020ರ ಏಪ್ರಿಲ್‌ನಲ್ಲಿ ಅದು ಕೇಳಿತು. ಮೇ ತಿಂಗಳಲ್ಲಿ ಚೀನಾ ಆಸ್ಟ್ರೇಲಿಯಾದ ಬಾರ್ಲಿಯ ಮೇಲೆ ಶೇ 80ಕ್ಕೂ ಹೆಚ್ಚು ಸುಂಕ ಹಾಕಿತು. ಕಲ್ಲಿದ್ದಲು ಸೇರಿದಂತೆ ಇನ್ನೂ ಹಲವು ಸರಕುಗಳಿಗೆ ಅಡ್ಡಿಯಾಯಿತು. ಆದರೆ ಕಬ್ಬಿಣದ ಅದಿರನ್ನು ಚೀನಾ ಮುಟ್ಟಲಿಲ್ಲ. ತಾನು ಆಮದು ಮಾಡುವ ಅದಿರಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಆಸ್ಟ್ರೇಲಿಯಾದಿಂದಲೇ. ಅದಿಲ್ಲದೆ ಉಕ್ಕಿನ ಕಾರ್ಖಾನೆಗಳು ನಡೆಯುವುದಿಲ್ಲ. ಬಾರ್ಲಿ ಬೆಳೆಗಾರರು ಬೇರೆ ದೇಶಗಳಿಗೆ ಮಾರಿಕೊಂಡರು. 2023ರ ಆಗಸ್ಟ್‌ನಲ್ಲಿ ಚೀನಾ ಬಾರ್ಲಿ ಸುಂಕ ತೆಗೆಯಿತು. ಇನ್ನೊಬ್ಬರಿಗೆ ಬೇಕೇ ಬೇಕಾದ ಒಂದು ವಸ್ತು ನಮ್ಮ ಕೈಯಲ್ಲಿದ್ದರೆ ದೊಡ್ಡವರೂ ನಮ್ಮ ಜೊತೆ ಲೆಕ್ಕ ಹಾಕಿಯೇ ನಡೆಯುತ್ತಾರೆ.

ಭಾರತ: ಬೇಕು, ಬೇಡಗಳ ನಡುವೆ

ಭಾರತಕ್ಕೆ ಚೀನಾ ದೂರದ ಮಾರುಕಟ್ಟೆಯಲ್ಲ, ಗಡಿ ಹಂಚಿಕೊಂಡಿರುವ ನೆರೆ ದೇಶ. ಆದ್ದರಿಂದ ನಮ್ಮ ನಾಯಕರ ಮುಂದೆ ವ್ಯಾಪಾರ ಮತ್ತು ಭದ್ರತೆ ಎರಡೂ ಒಟ್ಟಿಗೆ ಬರುತ್ತವೆ. ಮುಖ್ಯ ಘಟನೆಗಳನ್ನು ಕ್ರಮವಾಗಿ ನೋಡೋಣ.

• 1988: ಪ್ರಧಾನಿ ರಾಜೀವ್ ಗಾಂಧಿ ಚೀನಾ ಭೇಟಿ. ಗಡಿ ವಿವಾದ ಬಗೆಹರಿಯುವವರೆಗೆ ಉಳಿದ ಸಂಬಂಧ ನಿಲ್ಲಿಸಬೇಕಿಲ್ಲ ಎಂಬ ದಾರಿ ಇಲ್ಲಿಂದ ಆರಂಭ.
• 2003: ಪ್ರಧಾನಿ ವಾಜಪೇಯಿ ಭೇಟಿ. ನಂತರದ ವರ್ಷಗಳಲ್ಲಿ ವ್ಯಾಪಾರ ವೇಗವಾಗಿ ಬೆಳೆಯಿತು.
• 2019 ನವೆಂಬರ್: ಚೀನಾ ಸೇರಿದ ಆರ್‌ಸಿಇಪಿ ವ್ಯಾಪಾರ ಒಪ್ಪಂದಕ್ಕೆ ಭಾರತ ಸೇರಲಿಲ್ಲ.
• 2020 ಏಪ್ರಿಲ್: ಗಡಿ ಹಂಚಿಕೊಂಡಿರುವ ದೇಶಗಳಿಂದ ಬರುವ ಹೂಡಿಕೆಗೆ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಯಿತು.
• 2020 ಜೂನ್: ಗಾಲ್ವಾನ್ ಸಂಘರ್ಷದಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ಅದೇ ತಿಂಗಳು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳು ನಿಷೇಧವಾದವು.

ಇಷ್ಟಾದರೂ 2024–25ರಲ್ಲಿ ಚೀನಾದೊಂದಿಗಿನ ನಮ್ಮ ವ್ಯಾಪಾರ ಕೊರತೆ ಸುಮಾರು 99 ಶತಕೋಟಿ ಡಾಲರ್‌ಗೆ ಏರಿತು. ಔಷಧ ತಯಾರಿಕೆಯ ಕಚ್ಚಾ ವಸ್ತು, ಮೊಬೈಲ್ ಬಿಡಿಭಾಗ, ಸೌರ ಫಲಕ, ಯಂತ್ರಗಳು ಅಲ್ಲಿಂದಲೇ ಬರುತ್ತವೆ. ಆ್ಯಪ್ ನಿಷೇಧಿಸಲು ಒಂದು ಆದೇಶ ಸಾಕು. ಕಾರ್ಖಾನೆಗೆ ಬೇಕಾದ ಬಿಡಿಭಾಗಕ್ಕೆ ಬದಲಿ ಬೇಕೆಂದರೆ ಅದನ್ನು ಮಾಡುವವರನ್ನು ಮೊದಲು ತಯಾರು ಮಾಡಬೇಕು. 2025ರಲ್ಲಿ ಚೀನಾ ವಿರಳ ಲೋಹಗಳ ಅಯಸ್ಕಾಂತಗಳ ರಫ್ತಿಗೆ ನಿಯಂತ್ರಣ ಹಾಕಿದಾಗ ನಮ್ಮ ವಾಹನ ಕಂಪನಿಗಳೂ ಚಿಂತೆಗೆ ಬಿದ್ದವು.

ಈ ಕಾರಣಕ್ಕೆ ಈಗ ನಡೆಯುತ್ತಿರುವುದು ನಡುದಾರಿಯ ಪ್ರಯತ್ನ. ಎಂಜಿ ಕಾರು ತಯಾರಿಸುವ ಕಂಪನಿ ಚೀನಾದ ಎಸ್‌ಎಐಸಿಗೆ ಸೇರಿದ್ದು. ಫೋಕ್ಸ್‌ವ್ಯಾಗನ್ ಶಾಂಘೈನಲ್ಲಿ ಕೈ ಜೋಡಿಸಿದ್ದು ಇದೇ ಸಂಸ್ಥೆಯ ಜೊತೆ. ಇಂದು ಭಾರತದ ಎಂಜಿ ಘಟಕದಲ್ಲಿ ಜೆಎಸ್‌ಡಬ್ಲ್ಯೂ ಸಮೂಹ ಶೇ 35ರಷ್ಟು ಪಾಲು ಹೊಂದಿದೆ. ಅಂದು ಕಲಿಯುವ ಸ್ಥಾನದಲ್ಲಿದ್ದವರು ಇಂದು ಇಲ್ಲಿ ತಂತ್ರಜ್ಞಾನ ತರುವ ಸ್ಥಾನದಲ್ಲಿದ್ದಾರೆ. ನಮ್ಮ ರಾಜ್ಯದಲ್ಲೂ ಬದಲಾವಣೆ ಕಾಣುತ್ತಿದೆ. ಚೀನಾದಲ್ಲಿ ಐಫೋನ್ ಜೋಡಿಸುವ ತೈವಾನಿನ ಫಾಕ್ಸ್‌ಕಾನ್ ಈಗ ದೇವನಹಳ್ಳಿ ಬಳಿ ಕಾರ್ಖಾನೆ ತೆರೆದಿದೆ. ಕೋಲಾರ ಜಿಲ್ಲೆಯ ನರಸಾಪುರದ ಘಟಕವನ್ನು ಟಾಟಾ ಸಮೂಹ ಕೊಂಡಿದೆ. ಜೋಡಣೆಯ ಜೊತೆ ಬಿಡಿಭಾಗ ತಯಾರಿಸುವ ವಿದ್ಯೆಯೂ ಇಲ್ಲಿಯವರ ಕೈಗೆ ಬರುತ್ತದೆಯೇ ಎಂಬುದೇ ಮುಂದಿನ ಪ್ರಶ್ನೆ.

ನಮ್ಮ ಮನೆಬಾಗಿಲಿಗೆ ಬಂದ ಚೀನಾ: ರೇಷ್ಮೆ

ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಈ ವಿಷಯ ಪುಸ್ತಕದ್ದಲ್ಲ. ರೇಷ್ಮೆ ಉತ್ಪಾದನೆಯಲ್ಲಿ ಜಗತ್ತಿಗೆ ಚೀನಾ ಮೊದಲು, ಭಾರತ ಎರಡನೆಯದು. ಭಾರತದೊಳಗೆ ಹಿಪ್ಪುನೇರಳೆ ರೇಷ್ಮೆಯಲ್ಲಿ ಕರ್ನಾಟಕ ಮುಂದಿದೆ. ರೈತರು ಬೆಳೆದ ಗೂಡನ್ನು ಹರಾಜಿನಲ್ಲಿ ಕೊಂಡು ನೂಲು ತೆಗೆಯುವ ರೀಲರ್‌ಗಳಲ್ಲಿ ನಮ್ಮ ಸಮುದಾಯದ ಕುಟುಂಬಗಳು ಬಹಳ.

ಸರ್ಕಾರದ ಒಂದು ಅಂಕಿ ಬದಲಾದರೆ ಏನಾಗುತ್ತದೆ ನೋಡಿ. ಅಗ್ಗದ ದರಕ್ಕೆ ತಂದು ಸುರಿಯುವುದನ್ನು ತಡೆಯಲು 2003ರಲ್ಲಿ ಚೀನಾದ ಕಚ್ಚಾ ರೇಷ್ಮೆಗೆ ಆ್ಯಂಟಿ ಡಂಪಿಂಗ್ ಸುಂಕ ಹಾಕಲಾಯಿತು. 2011–12ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಮೂಲ ಆಮದು ಸುಂಕವನ್ನು ಶೇ 30ರಿಂದ ಒಮ್ಮೆಲೇ ಶೇ 5ಕ್ಕೆ ಇಳಿಸಲಾಯಿತು. ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. 2013–14ರಲ್ಲಿ ಸುಂಕ ಶೇ 15ಕ್ಕೆ ಏರಿತು. ಮುಂದೆ ಶೇ 10ಕ್ಕೆ ಇಳಿದು, 2021ರ ಬಜೆಟ್‌ನಲ್ಲಿ ಮತ್ತೆ ಶೇ 15 ಆಯಿತು.

ರೀಲಿಂಗ್ ಘಟಕ ನಡೆಸುವ ನನ್ನ ಮಾಮು ಅವರಲ್ಲಿ 2011ರ ಬಗ್ಗೆ ಕೇಳಿದೆ. “ಬೆಳಿಗ್ಗೆ ಗೂಡು ಕೊಂಡು ನೂಲು ತೆಗೆದು ಮಾರುಕಟ್ಟೆಗೆ ಒಯ್ಯುವಷ್ಟರಲ್ಲಿ ರೇಟು ಬಿದ್ದಿರುತ್ತಿತ್ತು ಬೇಟಾ. ಹಾಕಿದ ದುಡ್ಡೂ ಬರುತ್ತಿರಲಿಲ್ಲ, ಕೂಲಿಯವರಿಗೆ ಮಾತ್ರ ಕೊಡಲೇಬೇಕು” ಎಂದರು.

ಹಾಗಾದರೆ ಸುಂಕ ಹೆಚ್ಚಿದ್ದರೆ ಎಲ್ಲರಿಗೂ ಒಳ್ಳೆಯದೇ? ಇಲ್ಲ. ವಾರಾಣಸಿಯ ನೇಕಾರನನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ಚೀನಾದ ನೂಲು ಒಂದೇ ದಪ್ಪಕ್ಕಿರುತ್ತದೆ, ಮಗ್ಗದ ಮೇಲೆ ಬೇಗ ತುಂಡಾಗುವುದಿಲ್ಲ. ಹಾಗಾಗಿ ಹಾಸು ನೂಲಿಗೆ ಅದನ್ನೇ ಇಷ್ಟಪಡುತ್ತಾರೆ. ಸುಂಕ ಏರಿದರೆ ಅವರ ಸೀರೆಯ ಖರ್ಚು ಏರುತ್ತದೆ. ಅಲ್ಲಿನ ನೇಕಾರರಲ್ಲೂ ನಮ್ಮಂಥ ಮನೆಗಳವರೇ ಬಹಳ ಮಂದಿ. ಒಂದೇ ಸುಂಕ ಒಂದು ಮನೆಯ ಒಲೆ ಉರಿಸುತ್ತದೆ, ಇನ್ನೊಂದು ಮನೆಯ ಒಲೆ ತಣ್ಣಗಾಗಿಸುತ್ತದೆ. ದೆಹಲಿಯಲ್ಲಿ ನಿರ್ಧಾರ ಮಾಡುವವರು ಈ ಎರಡೂ ಮನೆಗಳ ಲೆಕ್ಕ ಹಾಕಬೇಕಾಗುತ್ತದೆ.

ಶಾಶ್ವತ ಪರಿಹಾರ ಸುಂಕದಲ್ಲಿಲ್ಲ, ನೂಲಿನ ಗುಣಮಟ್ಟದಲ್ಲಿದೆ. 1991ರಿಂದ ಜಪಾನ್ ಸರ್ಕಾರದ ಜೈಕಾ ಸಂಸ್ಥೆ ಕೇಂದ್ರ ರೇಷ್ಮೆ ಮಂಡಳಿಯ ಜೊತೆ ಸೇರಿ ದ್ವಿತಳಿ ರೇಷ್ಮೆ ಬೆಳೆಯುವ ತಂತ್ರಜ್ಞಾನವನ್ನು ಕರ್ನಾಟಕದಲ್ಲಿ ಬೆಳೆಸಿತು. ಈಗ ನಮ್ಮ ಕಡೆ ಬಂದಿರುವ ಸ್ವಯಂಚಾಲಿತ ನೂಲು ತೆಗೆಯುವ ಯಂತ್ರಗಳು ಚೀನಾದಿಂದ ಬಂದವು. ಆ ಯಂತ್ರದಲ್ಲಿ ತೆಗೆದ ನೂಲು ಚೀನಾದ ನೂಲಿನೊಂದಿಗೇ ಸ್ಪರ್ಧಿಸುತ್ತದೆ! ಮಾಮು ಅವರ ಪ್ರಶ್ನೆ ಇಷ್ಟೇ: “ಯಂತ್ರ ತಂದದ್ದು ಒಳ್ಳೆಯದೇ. ಅದು ಕೆಟ್ಟರೆ ರಿಪೇರಿ ಮಾಡುವ ಹುಡುಗರು ನಮ್ಮೂರಲ್ಲಿ ಎಷ್ಟು ಜನ ಇದ್ದಾರೆ?”

ಈ ಉದಾಹರಣೆಗಳಿಂದ ಕಲಿಯುವುದೇನು?

1. ದೊಡ್ಡ ಮಾರುಕಟ್ಟೆಯಿಂದ ದೂರ ಉಳಿಯುವುದು ಯಾರಿಗೂ ಸಾಧ್ಯವಾಗಿಲ್ಲ. ಜಗಳವಾಡಿದ ದೇಶಗಳೂ ವ್ಯಾಪಾರ ಮುಂದುವರಿಸಿವೆ.
2. ಕಂಪನಿಯ ಹಿತ ಮತ್ತು ದೇಶದ ಹಿತ ಯಾವಾಗಲೂ ಒಂದೇ ಅಲ್ಲ. ಅಮೆರಿಕದಲ್ಲಿ ಕಂಪನಿ ಗೆದ್ದಾಗ ಕಾರ್ಮಿಕ ಸೋತ.
3. ಕಲಿಕೆಯನ್ನು ಷರತ್ತಾಗಿ ಇಟ್ಟವರು ಮುಂದೆ ಬಂದರು. ಚೀನಾ ಮಾಡಿದ್ದು ಇದನ್ನೇ. ಷರತ್ತು ಹಾಕಿದ ಮೇಲೆ ಕಲಿಯುವ ಜನರೂ ತಯಾರಿರಬೇಕು.
4. ಒಂದೇ ಮೂಲದ ಮೇಲೆ ಅವಲಂಬನೆ ಅಪಾಯ. ಬದಲಿ ದಾರಿಯನ್ನು ಜಗಳಕ್ಕೆ ಮೊದಲೇ ಹುಡುಕಿಕೊಳ್ಳಬೇಕು.
5. ವ್ಯಾಪಾರ ನೀತಿಯಿಂದ ದೇಶದೊಳಗೇ ಕೆಲವರಿಗೆ ಲಾಭ, ಕೆಲವರಿಗೆ ನಷ್ಟ. ನಷ್ಟವಾದವರಿಗೆ ಏನು ವ್ಯವಸ್ಥೆ ಎಂಬುದನ್ನು ನೀತಿ ಮಾಡುವಾಗಲೇ ಬರೆಯಬೇಕು.

ನಾವು ವಾಣಿಜ್ಯ ವಿದ್ಯಾರ್ಥಿಗಳು. ಮುಂದೆ ನಮ್ಮಲ್ಲಿ ಕೆಲವರು ಲೆಕ್ಕಪರಿಶೋಧಕರಾಗುತ್ತೇವೆ, ಕೆಲವರು ಮನೆಯ ವ್ಯಾಪಾರ ನೋಡಿಕೊಳ್ಳುತ್ತೇವೆ, ಕೆಲವರು ಫಾಕ್ಸ್‌ಕಾನ್‌ನಂಥ ಕಂಪನಿಗಳ ಖರೀದಿ ವಿಭಾಗದಲ್ಲಿ ಕೂರಬಹುದು. ಬಜೆಟ್ ದಿನ ಟಿವಿ ನೋಡುವಾಗ ಆದಾಯ ತೆರಿಗೆಯ ಸಾಲು ಮುಗಿದ ಕೂಡಲೇ ಎದ್ದು ಹೋಗದೆ ಆಮದು ಸುಂಕದ ಸಾಲನ್ನೂ ಕೇಳಿಸಿಕೊಳ್ಳೋಣ. ಅದರಲ್ಲಿ ನಮ್ಮ ಊರಿನ ಗೂಡಿನ ಬೆಲೆ ಇರಬಹುದು.

ಚರ್ಚೆಗೆ ಪ್ರಶ್ನೆಗಳು

1. ಜಂಟಿ ಉದ್ಯಮದಿಂದ ಫೋಕ್ಸ್‌ವ್ಯಾಗನ್‌ಗೆ ಆದ ಎರಡು ಪ್ರಯೋಜನ ಮತ್ತು ಒಂದು ನಷ್ಟವನ್ನು ಬರೆಯಿರಿ.
2. ಚೀನಾ ಆಸ್ಟ್ರೇಲಿಯಾದ ಬಾರ್ಲಿಗೆ ಸುಂಕ ಹಾಕಿ ಕಬ್ಬಿಣದ ಅದಿರನ್ನು ಬಿಟ್ಟದ್ದೇಕೆ?
3. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನಿರ್ಧರಿಸುವ ಅಧಿಕಾರ ನಿಮಗಿದ್ದರೆ ಎಷ್ಟು ಇಡುತ್ತೀರಿ? ರೈತ, ರೀಲರ್, ನೇಕಾರ, ಗ್ರಾಹಕ ಈ ನಾಲ್ವರಿಗೂ ನಿಮ್ಮ ಉತ್ತರವನ್ನು ಸಮರ್ಥಿಸಿ.